ಇವರಿಗೆ ಇದು ಹೇಗೆ ಗೊತ್ತಾಯಿತು?

ಅಪ್ಪನಿಗೆ ಬಿಪಿ ಇದೆ. ಬೆಳಿಗ್ಗೆ, ಸಂಜೆ ಮನೆಯಲ್ಲೇ ನೋಡಿ ಬರೆದಿಡಿ ಎಂದು ಡಾಕ್ಟರ್ ಹೇಳಿದ್ದರು. ಆ ಅಂಕಿಗಳನ್ನು ನೋಡಿಯೇ ಅವರು ಮಾತ್ರೆ ಹೆಚ್ಚು ಕಡಿಮೆ ಮಾಡುವುದು. ಹಾಗಾಗಿ ಬಿಪಿ ಮೆಷಿನ್ ಕೊಳ್ಳುವುದು ನನಗೆ ಸಣ್ಣ ವಿಷಯ ಅನಿಸಲಿಲ್ಲ. ಒಂದು ಭಾನುವಾರ ನಾನು, ತಮ್ಮ ಇಬ್ಬರೂ ಆನ್‌ಲೈನಿನಲ್ಲಿ ಹುಡುಕಲು ಕೂತೆವು.

"ಅಕ್ಕಾ, ಇದು ನೋಡು. ನಾಲ್ಕೂವರೆ ಸ್ಟಾರ್ ಇದೆ. ಸಾವಿರಗಟ್ಟಲೆ ಜನ ಬರೆದಿದ್ದಾರೆ. ಇದನ್ನೇ ತಗೊಂಡ್ಬಿಡೋಣ" ಅಂದ.

ಸ್ವಲ್ಪ ಓದೋಣ ತಡಿ ಅಂದೆ. ತೀರಾ ಹಳೆಯ ರಿವ್ಯೂಗಳವರೆಗೆ ಹೋದೆವು. ಅಲ್ಲಿ ಒಬ್ಬರು "ಬೇಗ ಬಿಸಿಯಾಗುತ್ತೆ" ಎಂದು ಬರೆದಿದ್ದರು. ಇನ್ನೊಬ್ಬರು "ಸೊಂಟ ನೋವಿಗೆ ತುಂಬಾ ಹಿತ" ಎಂದಿದ್ದರು. ಅವೆಲ್ಲ ಶಾಖ ಕೊಡುವ ಪ್ಯಾಡಿಗೆ ಬಂದ ಹೊಗಳಿಕೆಗಳು! ಅದೇ ಪೇಜಿನಲ್ಲಿ ಈಗ ಬಿಪಿ ಮೆಷಿನ್ ಮಾರುತ್ತಿದ್ದರು. ಸ್ಟಾರ್‌ಗಳು ಮಾತ್ರ ಹಾಗೇ ಉಳಿದಿದ್ದವು.

ಇದು ಎಲ್ಲೋ ಒಂದು ಕಡೆ ನಡೆಯುವ ಕೆಲಸವಲ್ಲ. ಚೆನ್ನಾಗಿ ಮಾರಾಟವಾಗುತ್ತಿದ್ದ ವಸ್ತುವಿನ ರಿವ್ಯೂಗಳನ್ನು ಹೊಸ ವಸ್ತುವಿಗೆ ಸೇರಿಸಿದ್ದಕ್ಕೆ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ವಿಟಮಿನ್ ಮಾರುವ ಕಂಪನಿಯೊಂದರಿಂದ 6 ಲಕ್ಷ ಡಾಲರ್ ಕಟ್ಟಿಸಿತ್ತು.

ತಮ್ಮನಿಗೆ ಸಿಟ್ಟು ಬಂತು. "ಹಾಗಾದ್ರೆ ಸುಳ್ಳು ಯಾವುದು, ನಿಜ ಯಾವುದು ಅಂತ ನಾವೇ ಓದಿ ಕಂಡುಹಿಡಿಯೋಣ" ಎಂದು ಇನ್ನೊಂದು ಮೆಷಿನ್ ತೆರೆದ. ಓದಿದರೆ ಗೊತ್ತಾಗುತ್ತದೆ ಎಂದು ನಮಗೆಲ್ಲ ಅನಿಸುತ್ತದೆ, ಅಲ್ವಾ? ಆದರೆ ಅದು ಅಷ್ಟು ಸುಲಭವಲ್ಲ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಷಿಕಾಗೋ ಹೋಟೆಲ್‌ಗಳ 400 ನಿಜವಾದ ರಿವ್ಯೂಗಳನ್ನು ಆರಿಸಿದರು. ದುಡ್ಡು ಕೊಟ್ಟು 400 ಸುಳ್ಳು ರಿವ್ಯೂ ಬರೆಸಿದರು. ಅವುಗಳನ್ನು ಬೇರ್ಪಡಿಸಲು ಕೂತ ಜನರ ತೀರ್ಪು ಕಣ್ಣುಮುಚ್ಚಿ ಹೇಳಿದ್ದಕ್ಕಿಂತ ಹೆಚ್ಚೇನೂ ಸರಿ ಇರಲಿಲ್ಲ. ನಿಜವಾಗಿ ಅಲ್ಲಿ ಉಳಿದುಕೊಂಡವರು ಬಾತ್‌ರೂಮು, ಕೋಣೆಯ ಅಳತೆ, ಜಾಗದ ಬಗ್ಗೆ ಜಾಸ್ತಿ ಬರೆದಿದ್ದರಂತೆ. ಸುಳ್ಳು ಬರೆದವರು ಯಾರ ಜೊತೆ ಹೋದೆ, ಯಾಕೆ ಹೋದೆ ಎಂದು ಜಾಸ್ತಿ ಹೇಳಿದ್ದರು. ಈಗ ಕಂಪ್ಯೂಟರೇ ರಿವ್ಯೂ ಬರೆದುಕೊಡುವ ಕಾಲ. ಬರೀ ಮಾತಿನ ಧಾಟಿ ನೋಡಿ ತೀರ್ಮಾನಿಸುವ ಧೈರ್ಯ ನನಗಂತೂ ಇಲ್ಲ.

ಓದುತ್ತಾ ಹೋದಂತೆ ನನ್ನನ್ನು ಕಾಡಿದ್ದು ಸುಳ್ಳು ರಿವ್ಯೂ ಅಲ್ಲ. ಪ್ರಾಮಾಣಿಕವಾಗಿ ಬರೆದದ್ದೇ. "ರೀಡಿಂಗ್ ಪಕ್ಕಾ ಬರುತ್ತೆ" ಎಂದು ಎಷ್ಟೋ ಜನ ಬರೆದಿದ್ದರು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಪಕ್ಕಾ ಎಂದು ಅವರಿಗೆ ಹೇಗೆ ಗೊತ್ತಾಯಿತು? ಮೆಷಿನ್ 130 ತೋರಿಸಿತು. ನಿಜವಾದ ಬಿಪಿ 145 ಇದ್ದಿದ್ದರೆ ಅದು ಗೊತ್ತಾಗುವ ದಾರಿ ಯಾವುದು? ಪರದೆಯ ಅಂಕಿ ದೊಡ್ಡದಾಗಿದೆ, ಬ್ಯಾಟರಿ ಬೇಗ ಹೋಗುತ್ತೆ, ತೋಳಿಗೆ ಸುತ್ತುವ ಪಟ್ಟಿ ಹರಿಯಿತು ಅಂದರೆ ನಂಬುತ್ತೇನೆ. ಅದು ಬಳಸಿದವರ ಕಣ್ಣಿಗೆ ಕಾಣುವ ವಿಷಯ.

ಒಂದು ಸ್ಟಾರ್ ಕೊಟ್ಟವರದ್ದೂ ಇದೇ ಕಥೆ. "ಪ್ರತಿ ಸಲ ಬೇರೆ ಬೇರೆ ತೋರಿಸುತ್ತೆ, ವೇಸ್ಟ್" ಎಂದು ಒಬ್ಬರು ಬರೆದಿದ್ದರು. ಬಿಪಿ ನಿಮಿಷ ನಿಮಿಷಕ್ಕೂ ಸ್ವಲ್ಪ ಬದಲಾಗುತ್ತಲೇ ಇರುತ್ತದೆ. ಅದು ಮೆಷಿನ್ನಿನ ತಪ್ಪೇ ಆಗಬೇಕಿಲ್ಲ. ಇನ್ನೊಬ್ಬರು "ಯಾವಾಗಲೂ ಜಾಸ್ತಿ ತೋರಿಸುತ್ತೆ" ಎಂದು ಫೋಟೋ ಹಾಕಿದ್ದರು. ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಆ ಫೋಟೋ. ತೋಳಿನ ಪಟ್ಟಿ ಅವರ ಕೈಗೆ ಸಾಲದೆ ತುದಿಯಲ್ಲಿ ಅಂಟಿಕೊಂಡಿತ್ತು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ತಕ್ಷಣ ಎದ್ದು ಟೇಪಿನಿಂದ ಅಪ್ಪನ ತೋಳು ಅಳೆದೆ. 34 ಸೆಂಟಿಮೀಟರ್. ನಾವು ನೋಡುತ್ತಿದ್ದ ಮೆಷಿನ್ನಿನ ಪಟ್ಟಿ 22ರಿಂದ 32ಕ್ಕೆ ಮಾತ್ರ.

ರೀಡಿಂಗ್ ಸರಿಯೋ ತಪ್ಪೋ ಎಂದು ಹೇಳಲು ಬೇರೆಯೇ ಪರೀಕ್ಷೆ ಇದೆ. 2018ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 85 ಜನರಿಗೆ ಮೆಷಿನ್ ಕಟ್ಟಿ ನೋಡಬೇಕು. ತರಬೇತಿ ಪಡೆದವರು ಸ್ಟೆತಸ್ಕೋಪ್ ಇಟ್ಟು ಕೇಳಿ ಬರೆದ ಅಂಕಿಯ ಜೊತೆ ಅದನ್ನು ಹೋಲಿಸಬೇಕು. ಇಂಥ ಪರೀಕ್ಷೆಗಳಲ್ಲಿ ಪಾಸಾದ ಮಾಡೆಲ್‌ಗಳ ಪಟ್ಟಿಯನ್ನು ಸ್ಟ್ರೈಡ್ ಬಿಪಿ ಎಂಬ ಸಂಸ್ಥೆ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟಿದೆ. ಮಾಡೆಲ್ ನಂಬರ್ ಹಿಡಿದು ಹುಡುಕಿದೆವು. ತಮ್ಮ ಮೊದಲು ತೋರಿಸಿದ್ದು ಅದರಲ್ಲಿ ಇರಲಿಲ್ಲ. ಕಡಿಮೆ ಸ್ಟಾರ್ ಇದ್ದ ಇನ್ನೊಂದು ಇತ್ತು, ತೋಳಿಗೆ ಸುತ್ತುವ ದೊಡ್ಡ ಪಟ್ಟಿಯ ಜೊತೆಗೆ. ಅದರ ಸ್ಟಾರ್ ಯಾಕೆ ಇಳಿದಿತ್ತು ಎಂದು ನೋಡಿದರೆ, ಜಾಸ್ತಿ ದೂರುಗಳು ಡಬ್ಬ ಜಜ್ಜಿ ಬಂತು, ತಡವಾಗಿ ಬಂತು ಅನ್ನುವುದೇ. ಅದನ್ನೇ ತರಿಸಿದೆವು.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಮೆಷಿನ್ನನ್ನೂ ಒಯ್ದೆ. ಅಪ್ಪನನ್ನು ಐದು ನಿಮಿಷ ಸುಮ್ನೆ ಕೂರಿಸಿ, ಒಂದೇ ತೋಳಿಗೆ, ನಡುವೆ ಸ್ವಲ್ಪ ಬಿಡುವು ಕೊಟ್ಟು ಡಾಕ್ಟರು ಅವರ ಮೆಷಿನ್, ನಮ್ಮ ಮೆಷಿನ್ ಎರಡರಲ್ಲೂ ನೋಡಿದರು. ವ್ಯತ್ಯಾಸ ತೀರಾ ಕಡಿಮೆ ಇತ್ತು. ಮನೆಗೆ ಬಂದು ನಾನೂ ಒಂದು ರಿವ್ಯೂ ಬರೆದೆ. ತೋಳಿನ ಅಳತೆ, ಪಟ್ಟಿಯ ಅಳತೆ, ಡಾಕ್ಟರ ಮೆಷಿನ್ನಿನ ಅಂಕಿ, ನಮ್ಮದರ ಅಂಕಿ. ಹೋಲಿಸಿದ್ದು ಒಬ್ಬರ ಮೇಲೆ ಮಾತ್ರ ಎಂದೂ ಸೇರಿಸಿದೆ. "ಬಾಳಿಕೆ ಬಗ್ಗೆ ಏನೂ ಬರೀಲಿಲ್ವಲ್ಲ ಅಕ್ಕಾ" ಎಂದು ತಮ್ಮ ಕೇಳಿದ. ಈಗಷ್ಟೇ ಬಂದಿದೆ, ಒಂದು ವರ್ಷ ಆಗಲಿ, ಆಗ ಸೇರಿಸುತ್ತೇನೆ ಅಂದೆ.