ಕರಿ ಕೋಟು ತೆಗೆದಿಟ್ಟು ಕಂಪನಿಗೆ ಹೋದ್ಮೇಲೆ

"ನಾನ್ ಹೇಳಿದ್ದು ನಿಮ್ಮಲ್ಲೇ ಇರುತ್ತಲ್ವಾ ಮೇಡಂ?"

ನಮ್ಮ ಫ್ಯಾಕ್ಟರೀಲಿ ಒಂದು ಆಕ್ಸಿಡೆಂಟ್ ಆಗಿತ್ತು, ಅದರ ವಿಚಾರಣೆಗೆ ಅಂತ ಶಿಫ್ಟ್ ಸೂಪರ್‌ವೈಸರನ್ನ ಕರೆಸಿದ್ದೆ. ಅವರ ಮುಂದಿದ್ದ ಟೀ ಆರಿ ಮೇಲೆ ಕೆನೆ ಕಟ್ಟಿತ್ತು, ಮುಟ್ಟೂ ಇರ್ಲಿಲ್ಲ ಪಾಪ. ಹೂಂ ಅಂದ್ಬಿಟ್ಟಿದ್ರೆ ಎಲ್ಲಾ ಹೇಳ್ಬಿಡೋರು, ಅದು ನಂಗೆ ಗೊತ್ತಿತ್ತು, ಪಕ್ಕದಲ್ಲಿ ಕೂತಿದ್ದ ಮ್ಯಾನೇಜರಿಗೂ ಗೊತ್ತಿತ್ತು. ಆದ್ರೆ ನಾನು ಪೆನ್ನು ಕೆಳಗಿಟ್ಟು, "ನೋಡಿ, ನಾನು ಕಂಪನಿ ಲಾಯರ್, ನಿಮ್ಮ ಲಾಯರ್ ಅಲ್ಲ, ನೀವು ಹೇಳಿದ್ದು ಇಲ್ಲೇ ಇರುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ, ಮೊದ್ಲು ನಿಮ್ಮ ಕಡೆಯ ವಕೀಲರು ಯಾರನ್ನಾದ್ರೂ ಕೇಳ್ಕೊಂಡು ಬನ್ನಿ" ಅಂದೆ. ಮ್ಯಾನೇಜರಿಗೆ ಕೆಂಡದಂಥ ಕೋಪ ಬಂತು, ಒಂದು ವಾರ ನನ್ನ ಜೊತೆ ಮಾತಾಡ್ಲಿಲ್ಲ.

ಕಂಪನಿಗೆ ಬರೋ ಮುಂಚೆ ನಾನು ಮೂರು ವರ್ಷ ಸೀನಿಯರ್ ಹತ್ರ ಇದ್ದೆ, ಆಮೇಲೆ ಆರು ವರ್ಷ ಒಂದು ತಾಲ್ಲೂಕು ಕೋರ್ಟಲ್ಲಿ ಎಪಿಪಿ, ಅಂದ್ರೆ ಸರ್ಕಾರದ ಪರ ಕ್ರಿಮಿನಲ್ ಕೇಸ್ ನಡೆಸೋ ಸಹಾಯಕ ಪ್ರಾಸಿಕ್ಯೂಟರ್. ಬೆಳಿಗ್ಗೆ ಕೋರ್ಟ್ ಡ್ಯೂಟಿ ಪೊಲೀಸ್ ಕಾನ್‌ಸ್ಟೇಬಲ್ ಕಂಕುಳಲ್ಲಿ ಫೈಲ್ ಇಟ್ಕೊಂಡು ಬರೋರು, ವರಾಂಡದಲ್ಲಿ ನಿಂತ ಸಾಕ್ಷಿಗೆ ಅವರ ಹೇಳಿಕೇನ ಒಂದ್ಸಲ ಓದಿ ಹೇಳೋಷ್ಟರಲ್ಲಿ ಒಳಗಿಂದ ಕೂಗು ಬಿದ್ದಿರೋದು. ಪೊಲೀಸರ ಮಹಜರಿಗೆ ಸೈನ್ ಹಾಕಿದ ಪಂಚರು ಕಟಕಟೆ ಹತ್ತಿದ ಕೂಡ್ಲೇ "ಖಾಲಿ ಹಾಳೆ ಮೇಲೆ ಸೈನ್ ಹಾಕಿಸ್ಕೊಂಡ್ರು ಸ್ವಾಮಿ" ಅಂದ್ಬಿಡೋರು, ಆಗ ನಮ್ಮ ಸಾಕ್ಷಿಗೆ ನಾವೇ ಪಾಟೀಸವಾಲು ಮಾಡ್ಬೇಕು. ಆ ಕೆಲ್ಸ ಅಂದ್ರೆ ನಂಗೆ ಪ್ರಾಣ. ಅಪ್ಪಂಗೆ ಹುಷಾರಿಲ್ದೆ ಆದ್ಮೇಲೆ ಬೆಂಗಳೂರಲ್ಲೇ ಇರ್ಬೇಕಾಯ್ತು, ರಾಜೀನಾಮೆ ಕೊಟ್ಟು ಬಂದೆ, ಅಷ್ಟೇ.

ಸರ್ಕಾರಕ್ಕೂ ಕಂಪನಿಗೂ ಹೀಗೆ ಓಡಾಡಿದ ಲಾಯರ್ ಅಂದ್ರೆ ನಂಗೆ ಯಾವಾಗ್ಲೂ ನೆನಪಾಗೋದು ಅಮೆರಿಕದ ಲ್ಯಾರಿ ಥಾಂಪ್ಸನ್. ಶುರುವಿನಲ್ಲಿ ಮೊನ್ಸಾಂಟೊ ಕಂಪನಿಯ ಲಾಯರ್, 1982ರಿಂದ 86ರವರೆಗೆ ಜಾರ್ಜಿಯಾದಲ್ಲಿ ಫೆಡರಲ್ ಪ್ರಾಸಿಕ್ಯೂಟರ್, 2001ರಲ್ಲಿ ಡೆಪ್ಯುಟಿ ಅಟಾರ್ನಿ ಜನರಲ್, ಅಂದ್ರೆ ಅಲ್ಲಿನ ನ್ಯಾಯ ಇಲಾಖೇಲಿ ಎರಡನೇ ಸ್ಥಾನ. ಲೆಕ್ಕದಲ್ಲಿ ಮೋಸ ಮಾಡಿ ಎನ್ರಾನ್ ಕಂಪನಿ ಮುಳುಗಿದ ಕಾಲ ಅದು, ಕಂಪನಿ ಮೋಸಗಳನ್ನ ಹಿಡಿಯೋ ಟಾಸ್ಕ್ ಫೋರ್ಸಿಗೆ ಇವರೇ ಮುಖ್ಯಸ್ಥರು. 2003ರ ಜನವರೀಲಿ ಇವರು ಹೊರಡಿಸಿದ ಸೂಚನೆಗೆ ಥಾಂಪ್ಸನ್ ಮೆಮೊ ಅಂತಲೇ ಹೆಸರು. ಕಂಪನಿ ಮೇಲೆ ಕೇಸ್ ಹಾಕ್ಬೇಕಾ ಬೇಡ್ವಾ ಅಂತ ತೀರ್ಮಾನ ಮಾಡುವಾಗ ಆ ಕಂಪನಿ ಎಷ್ಟು ಸಹಕಾರ ಕೊಡ್ತು ಅಂತ ನೋಡಿ, ಲಾಯರ್ ಜೊತೆ ಆಡಿದ ಮಾತಿನ ಗೋಪ್ಯತೆ ಬಿಟ್ಕೊಡ್ತಾ ಅನ್ನೋದನ್ನೂ ಗಮನಿಸಬಹುದು, ಆರೋಪ ಇರೋ ನೌಕರರ ವಕೀಲರ ಫೀಸನ್ನ ಕಂಪನಿ ಕಟ್ತಿದ್ಯಾ ಅನ್ನೋದನ್ನೂ ಲೆಕ್ಕಕ್ಕೆ ತಗೋಬಹುದು ಅನ್ನೋದು ಅದರಲ್ಲಿತ್ತು.

ಎಪಿಪಿ ಆಗಿದ್ದಾಗ ಓದಿದ್ರೆ ಭೇಷ್ ಅಂತಿದ್ದೆ. ಆದ್ರೆ ಆ ಸೂಪರ್‌ವೈಸರ್ ಥರದೋರು ಕಂಪನಿ ಲಾಯರ್ ಹತ್ರ ನಂಬಿ ಹೇಳಿದ್ದು ನೇರ ಪ್ರಾಸಿಕ್ಯೂಟರ್ ಟೇಬಲ್ಲಿಗೆ ಹೋಗುತ್ತೆ, ಅವರ ಪರ ವಾದ ಮಾಡೋರ ಫೀಸೂ ನಿಂತುಹೋಗುತ್ತೆ. ಕೆಪಿಎಂಜಿ ಅನ್ನೋ ಆಡಿಟ್ ಸಂಸ್ಥೆಯ ನೌಕರರ ಕೇಸಲ್ಲಿ ಆಗಿದ್ದು ಇದೇ, ಸರ್ಕಾರದ ಒತ್ತಡಕ್ಕೆ ಫೀಸ್ ನಿಲ್ಲಿಸಿದ್ದು ಸಂವಿಧಾನಕ್ಕೆ ವಿರುದ್ಧ ಅಂತ 2006ರಲ್ಲಿ ನ್ಯಾಯಾಧೀಶ ಕಪ್ಲಾನ್ ಹೇಳಿದ್ರು, 2008ರಲ್ಲಿ ಮೇಲಿನ ಕೋರ್ಟೂ ಅದನ್ನ ಎತ್ತಿಹಿಡೀತು. ಅಷ್ಟೊತ್ತಿಗೆ ಥಾಂಪ್ಸನ್ ಎಲ್ಲಿದ್ರು ಗೊತ್ತಾ, ಪೆಪ್ಸಿಕೋದ ಜನರಲ್ ಕೌನ್ಸೆಲ್, ಅಂದ್ರೆ ಕಂಪನಿಯ ಮುಖ್ಯ ಲಾಯರ್, ನಮ್ಮ ಚೆನ್ನೈಯ ಇಂದ್ರಾ ನೂಯಿ ಅದರ ಸಿಇಒ! ಆಮೇಲೆ ಪಾಠ ಹೇಳೋಕೆ ಹೋದ್ರು, ವಾಪಸ್ ಪೆಪ್ಸಿಕೋಗೆ ಬಂದ್ರು, 2014ಕ್ಕೆ ನಿವೃತ್ತಿ. 2017ರಲ್ಲಿ ಡೀಸೆಲ್ ಹೊಗೆ ಮೋಸದಲ್ಲಿ ತಪ್ಪೊಪ್ಕೊಂಡ ಫೋಕ್ಸ್‌ವ್ಯಾಗನ್ ಮೇಲೆ ಮೂರು ವರ್ಷ ಕಣ್ಣಿಡೋಕೆ ಮಾನಿಟರ್ ಆಗಿ ಮತ್ತೆ ಇವರನ್ನೇ ಆರಿಸಿದ್ರು.

ಸರ್ಕಾರದಲ್ಲಿ ಸಂಪಾದಿಸಿದ ಪರಿಚಯ ಎಲ್ಲಾ ಕಂಪನಿಗೆ ಮಾರ್ಕೋತಾರೆ ಅಂತ ಇಂಥೋರ ಮೇಲೆ ಜನ ಅನುಮಾನ ಪಡ್ತಾರೆ, ಪಡಲೇಬೇಕು, ಸುಮ್ನೆ ನಂಬೋ ವಿಷಯ ಅಲ್ಲ ಅದು. ಆದ್ರೂ ಫೈಲ್ ಎಲ್ಲಿ ಬಚ್ಚಿಡ್ತಾರೆ ಅಂತ ಒಳಗಿದ್ದೋರಿಗೇ ಗೊತ್ತು, ಬಾಗಿಲು ತಟ್ಟಿದಾಗ ಒಳಗಿರೋರ ಎದೆ ಹೇಗೆ ಹೊಡ್ಕೊಳುತ್ತೆ ಅನ್ನೋದೂ ಒಳಗಿದ್ದೋರಿಗೇ ಗೊತ್ತು. ಬರೀ ಪ್ರಾಸಿಕ್ಯೂಟರ್ ಆಗೇ ಉಳಿದಿದ್ರೆ ಅವತ್ತು ನಾನು ಪೆನ್ನು ಕೆಳಗಿಡ್ತಿರ್ಲಿಲ್ಲ ಅನ್ಸುತ್ತೆ.

ನಮ್ಮಲ್ಲಿ ಈ ಓಡಾಟ ಅಷ್ಟು ಸಲೀಸಲ್ಲ. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 49ನೇ ನಿಯಮದ ಪ್ರಕಾರ ವಕೀಲರು ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರೋ ಹಾಗಿಲ್ಲ. ಎಪಿಪಿಗೂ ಸಂಬಳ ಬರುತ್ತಲ್ಲ ಅಂತೀರಾ, ಕೋರ್ಟಲ್ಲಿ ನಿಂತು ವಾದ ಮಾಡೋದೇ ಕೆಲ್ಸ ಆದ್ರೆ ಅವರು ವಕೀಲರಾಗೇ ಉಳೀತಾರೆ ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ದೀಪಕ್ ಅಗರ್ವಾಲ್ ಕೇಸಲ್ಲಿ ಹೇಳ್ತು. ನೇರವಾಗಿ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ವಕೀಲರ ಕಡೆಯಿಂದ ಹೋಗೋರಿಗೆ 7 ವರ್ಷ ವಕೀಲಿಕೆ ಆಗಿದ್ರೆ ಸಾಲ್ದು, ಅರ್ಜಿ ಹಾಕೋ ದಿನಕ್ಕೂ ವಕೀಲರಾಗಿರ್ಬೇಕು ಅಂತಾನೂ ಅದೇ ತೀರ್ಪಲ್ಲಿದೆ. ಕಂಪನಿ ಸಂಬಳಕ್ಕೆ ಸೇರಿದ್ಮೇಲೆ ನಾನು ವಕೀಲೆ ಅಲ್ಲ, ನನ್ನ ಒಂಬತ್ತು ವರ್ಷ ಅಲ್ಲಿಗೆ ಕಟ್ ಆಯ್ತು. 2025ರ ಅಕ್ಟೋಬರ್ 31ಕ್ಕೆ ಇನ್ನೊಂದು ತೀರ್ಪು ಬಂತು, ಕಂಪನಿ ಒಳಗಿನ ಲಾಯರ್ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡೋ ವಕೀಲರಲ್ಲ, ಹಾಗಾಗಿ ಹೊಸ ಸಾಕ್ಷ್ಯ ಕಾಯ್ದೆಯ (ಭಾರತೀಯ ಸಾಕ್ಷ್ಯ ಅಧಿನಿಯಮ) 132ನೇ ಸೆಕ್ಷನ್ ವಕೀಲರು-ಕಕ್ಷಿದಾರರ ಮಾತಿಗೆ ಕೊಡೋ ಗೋಪ್ಯತೆ ಅವರಿಗೆ ಸಿಗಲ್ಲ ಅಂತ. ಓದಿ ಬೇಜಾರಾಯ್ತು, ಆದ್ರೆ ಆ ಟೀ ಲೋಟ ಕಣ್ಮುಂದೆ ಬಂತು, ಅವತ್ತು ಸುಳ್ಳು ಮಾತು ಕೊಡ್ಲಿಲ್ವಲ್ಲ ಅಂತ ಸಮಾಧಾನ ಆಯ್ತು.

ಆ ಸೂಪರ್‌ವೈಸರ್ ಮುಂದಿನ ವಾರ ಒಬ್ಬ ವಕೀಲರನ್ನ ಕರ್ಕೊಂಡೇ ಬಂದ್ರು, ನಾಲ್ಕು ಗಂಟೆ ಕೂತು ಒಂದೊಂದೇ ಎಲ್ಲಾ ಹೇಳಿದ್ರು, ಟೀನೂ ಕುಡಿದ್ರು. ನಾನು ಈ ತಿಂಗಳ ಕೊನೇಗೆ ಕಂಪನಿ ಬಿಡ್ತಿದೀನಿ. ಹಳೇ ಕೆಜಿಐಡಿ ಕಟ್ಟಡದಲ್ಲಿರೋ ರಾಜ್ಯ ವಕೀಲರ ಪರಿಷತ್ತಿಗೆ ಹೋಗಿ ವಕೀಲಿಕೆಯ ಸನ್ನದು ವಾಪಸ್ ಚಾಲೂ ಮಾಡ್ಕೊಡಿ ಅಂತ ಅರ್ಜಿ ಕೊಡ್ಬೇಕು, ಕೋಟು ಡ್ರೈಕ್ಲೀನಿಂಗಿಗೆ ಕೊಟ್ಟಾಗಿದೆ.