ಗ್ರೀಸಿಗೆ ಹೊರಡುವ ಮುನ್ನ ಅಕ್ಷರ ಕಲಿಯಿರಿ

ಇತಿಹಾಸ ಎಂ.ಎ. ಓದುತ್ತಿರುವ ಹನ್ನೊಂದು ವಿದ್ಯಾರ್ಥಿಗಳೊಡನೆ ಕಳೆದ ಏಪ್ರಿಲ್‌ನಲ್ಲಿ ಹತ್ತು ದಿನ ಗ್ರೀಸ್ ಸುತ್ತಿ ಬಂದಿದ್ದೇನೆ. ಇಂಥದೇ ಪ್ರವಾಸಕ್ಕೆ ಅಣಿಯಾಗುತ್ತಿರುವವರಿಗೆ ನನ್ನ ಮೊದಲ ಸಲಹೆಯೆಂದರೆ, ಗ್ರೀಕ್ ವರ್ಣಮಾಲೆಯ 24 ಅಕ್ಷರಗಳನ್ನು ಇಲ್ಲಿಂದಲೇ ಕಲಿತು ಹೋಗಿ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ ಸಾಕು.

ಅದರ ಫಲ ನಮಗೆ ಕಂಡದ್ದು ಅಥೆನ್ಸಿನ ಅಗೋರಾದ, ಅಂದರೆ ಪುರಾತನ ಸಂತೆ-ಸಭೆಯ ಬಯಲಿನ, ವಸ್ತುಸಂಗ್ರಹಾಲಯದಲ್ಲಿ. ಅಪಾಯಕಾರಿ ಎನಿಸಿದ ನಾಯಕನನ್ನು ಹತ್ತು ವರ್ಷ ಗಡಿಪಾರು ಮಾಡಲು ಪೌರರು ಅವನ ಹೆಸರನ್ನು ಗೀಚಿ ಮತವಾಗಿ ಹಾಕುತ್ತಿದ್ದ ಮಡಕೆಚೂರುಗಳು ಅಲ್ಲಿ ಗಾಜಿನ ಹಿಂದಿವೆ. ನಮ್ಮ ವಿದ್ಯಾರ್ಥಿನಿಯೊಬ್ಬಳು ಬಾಗಿ ನಿಂತು, ಸುತ್ತಿನೊಳಗೆ ಗುರುತಿಟ್ಟ ಥೀಟಾದಿಂದ ತೊಡಗಿ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ‘ಥೆಮಿಸ್ಟೊಕ್ಲೀಸ್’ ಎಂದು ಓದಿದಾಗ ಉಳಿದವರೆಲ್ಲ ಅವಳ ಸುತ್ತ ನೆರೆದರು. ಕ್ರಿ.ಪೂ. 480ರ ಸಲಾಮಿಸ್ ನೌಕಾಕದನದಲ್ಲಿ ಪರ್ಷಿಯನ್ನರಿಂದ ಊರನ್ನು ಉಳಿಸಿದವನನ್ನೇ ಹತ್ತು ವರ್ಷ ಕಳೆಯುವಷ್ಟರಲ್ಲಿ ಊರು ಹೊರಗಟ್ಟಿತ್ತು. ಅವನ ಹೆಸರಿನ ಸುಮಾರು 190 ಚೂರುಗಳು ಅಥೆನ್ಸಿನ ಕೋಟೆಗುಡ್ಡವಾದ ಆಕ್ರೊಪೊಲಿಸ್ಸಿನ ಉತ್ತರ ಇಳಿಜಾರಿನ ಒಂದೇ ಬಾವಿಯಲ್ಲಿ ಸಿಕ್ಕಿವೆ. ಅವು ಹದಿನಾಲ್ಕೇ ಮಂದಿಯ ಕೈಬರಹವೆಂದು ಗುರುತಿಸಲಾಗಿರುವುದರಿಂದ, ಹಂಚುವುದಕ್ಕೆಂದು ಮೊದಲೇ ಬರೆದಿಟ್ಟವಾಗಿರಬೇಕು. ಪ್ರಜಾಪ್ರಭುತ್ವದ ಈ ಮುಖ ತರಗತಿಯ ಪಾಠದಲ್ಲಿ ಇಷ್ಟು ನಾಟುವುದಿಲ್ಲವಾದ್ದರಿಂದ ಅಗೋರಾಕ್ಕೆ ಅರ್ಧ ದಿನವನ್ನಾದರೂ ಇಡಿ.

ಆಕ್ರೊಪೊಲಿಸ್ಸಿಗೆ ವೇಳೆ ನಿಗದಿಯಾದ ಟಿಕೆಟ್ ಬೇಕು. ಬೆಳಗಿನ ಮೊದಲ ಸರದಿಯನ್ನೇ ಹಿಡಿಯಿರಿ. ಸವೆದ ಅಮೃತಶಿಲೆ ಜಾರುತ್ತದೆ, ರಬ್ಬರ್ ಅಡಿಯ ಬೂಟು ಇರಲಿ. ಕೆಳಗೆ, 2009ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಗುಡ್ಡದ ಮೇಲಿನ ಪಾರ್ಥೆನಾನ್ ದೇಗುಲದ ಮೂಲ ಶಿಲ್ಪಗಳ ನಡುನಡುವೆ, ಲಂಡನ್ನಿನಲ್ಲಿರುವ ಭಾಗಗಳ ಜಾಗದಲ್ಲಿ, ಬಿಳಿಯ ಅಚ್ಚುಪ್ರತಿಗಳಿವೆ. ಲಂಡನ್ನಿನ ಭಾಗಗಳು ಮರಳಬೇಕೇ ಎಂಬ ನಮ್ಮ ಮಕ್ಕಳ ವಾದ ರಾತ್ರಿಯ ಊಟದವರೆಗೂ ನಡೆಯಿತು.

ಅಪೊಲೊ ದೇವನ ಭವಿಷ್ಯವಾಣಿಗೆ ಹೆಸರಾದ ಡೆಲ್ಫಿಗೆ ಅಥೆನ್ಸಿನಿಂದ ಬಸ್ಸಿನಲ್ಲಿ ಮೂರು ಗಂಟೆ ಬೇಕಾದ್ದರಿಂದ ಒಂದೇ ದಿನದಲ್ಲಿ ಹೋಗಿ ಬರಬೇಡಿ, ಅಲ್ಲಿಯೇ ತಂಗಿ. ಕಂಚಿನ ಯುಗದ ಕೋಟೆಯಾದ ಮೈಸೀನಿಯ ಸಿಂಹದ್ವಾರವನ್ನೂ ಎಪಿಡೌರಸ್‌ನ ಪುರಾತನ ರಂಗಮಂದಿರವನ್ನೂ ನಾಫ್ಲಿಯೊ ಪಟ್ಟಣದಲ್ಲಿ ಉಳಿದು ನೋಡುವುದು ಅನುಕೂಲ.

ಗ್ರೀಸ್ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಪ್ರವಾಸದ ಎಲ್ಲ ದಿನಗಳಿಗೂ ಇರಬೇಕು. ನಮ್ಮಲ್ಲಿ ಇಬ್ಬರ ವಿಮಾಪತ್ರದಲ್ಲಿ ಒಂದು ದಿನ ಕಡಿಮೆ ಬಿದ್ದು ಮತ್ತೆ ಮಾಡಿಸಬೇಕಾಯಿತು.

ಆರ್ಥೊಡಾಕ್ಸ್ ಈಸ್ಟರ್ ಎಂದು ಬರುತ್ತದೆಂಬುದನ್ನೂ ನೋಡಿಕೊಳ್ಳಿ. ಆ ಭಾನುವಾರ ಸ್ಮಾರಕಗಳೆಲ್ಲ ಮುಚ್ಚಿರುತ್ತವೆ. ಆದರೂ ಸಾಧ್ಯವಾದರೆ ಹಿಂದಿನ ರಾತ್ರಿ ನಾಫ್ಲಿಯೊದಂಥ ಸಣ್ಣ ಊರಿನಲ್ಲಿರಿ: ನಡುರಾತ್ರಿ ಇಗರ್ಜಿಯ ಬಾಗಿಲಲ್ಲಿ ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹೊತ್ತಿಸಿಕೊಳ್ಳುತ್ತ, ಆರದಂತೆ ಅಂಗೈ ಮರೆಮಾಡಿ ಮನೆಗೆ ಒಯ್ಯುತ್ತಾರೆ.