ಅಹಮದಾಬಾದಿನಲ್ಲಿ ಹೊತ್ತು ನೋಡಿಕೊಂಡು ಉಣ್ಣುವುದು, ಹೊತ್ತು ನೋಡಿಕೊಂಡು ತಿರುಗುವುದು

ಹೊಸ ಊರಿಗೆ ಹೊರಟವರು ಎಲ್ಲಿ ಉಣ್ಣಬೇಕು, ಏನು ನೋಡಬೇಕು ಎಂದು ಕೇಳುವುದು ವಾಡಿಕೆ. ಅಹಮದಾಬಾದಿಗೆ ಹೊರಟ ಸ್ನೇಹಿತರು ಹೀಗೆ ಕೇಳಿದಾಗಲೆಲ್ಲ ನಾನು ಮೊದಲು ಎತ್ತುವುದು ಹೊತ್ತಿನ ವಿಚಾರವನ್ನು. ಈ ನಗರದಲ್ಲಿ ಒಂದೇ ಚೌಕ ಬೆಳಿಗ್ಗೆ ಒಂದು ಪೇಟೆಯಾಗಿ, ಹಗಲಿಗೆ ಇನ್ನೊಂದು ಪೇಟೆಯಾಗಿ, ರಾತ್ರಿ ಊಟದ ಬಯಲಾಗಿ ಬದಲಾಗುತ್ತದೆ. ಭಾನುವಾರ ಬೆಳಗಿನ ತಿಂಡಿ ಮಧ್ಯಾಹ್ನಕ್ಕೆ ಸಿಕ್ಕರೂ ಅದರ ಗರಿಗರಿ ಉಳಿದಿರುವುದಿಲ್ಲ. ಮೆಟ್ಟಿಲುಬಾವಿಗೆ ಸಂಜೆ ಹೋದರೆ ಕೆಳಗಿನ ಅಂತಸ್ತುಗಳ ಕೆತ್ತನೆ ಕತ್ತಲಲ್ಲಿ ಮುಳುಗಿರುತ್ತದೆ. ಸ್ಥಳಗಳ ಪಟ್ಟಿ ಎಲ್ಲರ ಕೈಗೂ ಸಿಗುವಂಥದ್ದು. ಆದುದರಿಂದ ಪಟ್ಟಿಯನ್ನು ಬಿಟ್ಟು, ಗಂಟೆಗಳ ಜಾಡು ಹಿಡಿದು ಬರೆಯುತ್ತಿದ್ದೇನೆ.

ಊರಿನ ಸ್ವರೂಪವನ್ನು ಮೊದಲು ತಿಳಿದುಕೊಂಡರೆ ಉಳಿದದ್ದು ಸುಲಭವಾಗುತ್ತದೆ. 1411ರಲ್ಲಿ, ಅಂದರೆ ವಿಜಯನಗರದಲ್ಲಿ ಒಂದನೆಯ ದೇವರಾಯ ಆಳುತ್ತಿದ್ದ ಕಾಲದಲ್ಲಿ, ಸುಲ್ತಾನ್ ಅಹಮದ್ ಶಾ ಸಾಬರಮತಿಯ ಪೂರ್ವ ದಂಡೆಯ ಮೇಲೆ ಈ ನಗರವನ್ನು ಕಟ್ಟಿಸಲು ಆರಂಭಿಸಿದನು. ಕೋಟೆಯೊಳಗಿನ ಆ ಹಳೆಯ ಊರಿಗೆ 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ನಗರವೆಂಬ ಮಾನ್ಯತೆ ದೊರೆಯಿತು. ಭಾರತದಲ್ಲಿ ಈ ಗೌರವ ಪಡೆದ ಮೊದಲ ನಗರ ಇದೇ. ನದಿಯ ಪಶ್ಚಿಮಕ್ಕೆ ಬೆಳೆದಿರುವುದು ಹೊಸ ಊರು. ಹಳೆಯ ಊರನ್ನು ನಸುಕಿನಲ್ಲಿ ಮತ್ತು ರಾತ್ರಿಯಲ್ಲಿ ನೋಡಬೇಕು, ಪಶ್ಚಿಮದ ಹೊಸ ಊರನ್ನು ಇಳಿಹೊತ್ತಿನಲ್ಲಿ ನೋಡಬೇಕು ಎಂಬುದು ನನ್ನ ಲೆಕ್ಕ. ನಡುಹಗಲಿನಲ್ಲಿ ಹಳೆಯ ಪೇಟೆಯ ರಸ್ತೆಗಳಲ್ಲಿ ಕೈಗಾಡಿ, ಆಟೊ ಮತ್ತು ದ್ವಿಚಕ್ರ ವಾಹನಗಳ ನಡುವೆ ತಲೆಯೆತ್ತಿ ಕಟ್ಟಡ ನೋಡಲು ಹೋದವರು ಯಾವುದೋ ಒಂದು ಚಕ್ರಕ್ಕೆ ಕಾಲು ಕೊಡುವುದು ಖಂಡಿತ.

ಬೆಳಗಿನ ಹೊತ್ತನ್ನು ಪೂರ್ತಿಯಾಗಿ ಪೋಳಗಳಿಗೆ ಮೀಸಲಿಡಬೇಕು. ಪೋಳ ಎಂದರೆ ಒಂದೇ ಹೆಬ್ಬಾಗಿಲಿನ ಒಳಗೆ ಇಕ್ಕಟ್ಟಾದ ಓಣಿಗಳ ಎರಡೂ ಬದಿಗೆ ಮನೆಗಳು ಒತ್ತೊತ್ತಾಗಿ ನಿಂತಿರುವ ವಠಾರ. ಹೆಚ್ಚಾಗಿ ಒಂದೇ ಕುಲದ ಅಥವಾ ಒಂದೇ ಕಸುಬಿನ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿವೆ. ಮರದ ಕಂಬಗಳಿಗೂ ತೊಲೆಯ ತುದಿಗಳಿಗೂ ಮಾಡಿರುವ ಕೆತ್ತನೆ, ಬೀದಿಗೆ ಚಾಚಿದ ಜಗುಲಿ, ಅಂಗಳದ ಕೆಳಗೆ ಮಳೆನೀರು ಹಿಡಿದಿಡುವ ನೆಲಮಾಳಿಗೆಯ ತೊಟ್ಟಿ, ಚೌಕದ ನಡುವೆ ಎತ್ತರದ ಕಂಬದ ಮೇಲೆ ಹಕ್ಕಿಗಳಿಗೆ ಕಾಳು ಹಾಕಲು ಕಟ್ಟಿದ ಚಬೂತ್ರ, ಇವೆಲ್ಲ ಇನ್ನೂ ಬಳಕೆಯಲ್ಲಿರುವ ವಸ್ತುಗಳೇ. ನಗರಪಾಲಿಕೆಯು 1997ರಿಂದ ನಡೆಸುತ್ತಿರುವ ಪಾರಂಪರಿಕ ನಡಿಗೆಯು ಬೆಳಿಗ್ಗೆ ಎಂಟರ ಸುಮಾರಿಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಹೊರಟು ಜಾಮಾ ಮಸೀದಿಯಲ್ಲಿ ಮುಗಿಯುತ್ತದೆ. ಮಂದಿರದಿಂದ ಮಸೀದಿಯವರೆಗೆ ಎಂಬ ಘೋಷಣೆಯಂತೆ ಕೇಳಿಸಿದರೂ ಈ ದಾರಿಯನ್ನು ಆರಿಸಿದವರು ಜಾಣರು: 1822ರ ಆ ಮಂದಿರದ ಬಣ್ಣ ಬಳಿದ ಮರದ ಕೆತ್ತನೆ, ಲಾಂಬೇಶ್ವರ ಪೋಳದಲ್ಲಿ ಕವಿ ದಲಪತ್‌ರಾಮರ ಮನೆಯಿದ್ದ ಜಾಗದಲ್ಲಿ ಜಗುಲಿಯ ಮೇಲೆ ಕುಳಿತಂತೆ ಇರಿಸಿರುವ ಅವರ ಪ್ರತಿಮೆ, ಜೈನ ಬಸದಿಗಳು, ಫರ್ನಾಂಡಿಸ್ ಸೇತುವೆಯ ಕೆಳಗಿನ ಪುಸ್ತಕದ ಅಂಗಡಿಗಳು ಒಂದಾದ ಮೇಲೊಂದರಂತೆ ಎದುರಾಗುತ್ತವೆ. ಮಾರ್ಗದರ್ಶಕರಿಲ್ಲದೆ ಹೋದರೆ ಒಂದು ಪೋಳದಿಂದ ಇನ್ನೊಂದಕ್ಕೆ ನುಸುಳುವ ಗುಪ್ತ ದಾರಿಗಳು ಕಣ್ಣಿಗೇ ಬೀಳುವುದಿಲ್ಲ. ಒಂಟಿಯಾಗಿ ಅಲೆಯುವುದನ್ನು ಇಷ್ಟಪಡುವ ನಾನೂ ಇಲ್ಲಿ ಮಾತ್ರ ಗುಂಪಿನೊಂದಿಗೆ ಹೋಗುವುದು ಮೇಲೆಂದು ಹೇಳುತ್ತೇನೆ.

1424ರಲ್ಲಿ ಪೂರ್ಣಗೊಂಡ ಜಾಮಾ ಮಸೀದಿಯ ಒಳಗಿನ ಕಂಬಗಳ ಕಾಡನ್ನು ನೋಡಿದಾಗ ನಮ್ಮ ಕಡೆಯ ದೇವಾಲಯಗಳ ಮಂಟಪಗಳನ್ನು ಕಂಡವರಿಗೆ ಪರಿಚಯದ ಭಾವನೆ ಮೂಡುತ್ತದೆ. ಕಮಾನುಗಳ ಹಿಂದೆ ಕಂಬ ಮತ್ತು ತೊಲೆಗಳ ಸ್ಥಳೀಯ ಪದ್ಧತಿಯೇ ಭಾರ ಹೊತ್ತಿದೆ. ಗುಜರಾತಿನ ಶಿಲ್ಪಿಗಳು ತಮಗೆ ಒಲಿದಿದ್ದ ಕಸುಬನ್ನೇ ಹೊಸ ಬಗೆಯ ಕಟ್ಟಡಕ್ಕೆ ಹೊಂದಿಸಿಕೊಂಡರು. ಮುಂಭಾಗದ ಎರಡು ಮಿನಾರುಗಳ ಮೇಲ್ಭಾಗ 1819ರ ಕಛ್ ಭೂಕಂಪದಲ್ಲಿ ಬಿದ್ದುಹೋಯಿತು, ಮೊಂಡಾಗಿರುವ ಬುಡಗಳು ಇಂದಿಗೂ ಕಾಣುತ್ತವೆ. ಪ್ರಾರ್ಥನೆಯ ವೇಳೆಯನ್ನು, ಅದರಲ್ಲೂ ಶುಕ್ರವಾರದ ಮಧ್ಯಾಹ್ನವನ್ನು, ತಪ್ಪಿಸಿ ಹೋಗಬೇಕು.

ಬೆಳಗಿನ ತಿಂಡಿಗೆ ಬಂದರೆ, ಭಾನುವಾರ ಊರಿನಲ್ಲಿದ್ದೀರಾದರೆ ಹೋಟೆಲಿನ ಉಚಿತ ಉಪಾಹಾರವನ್ನು ಬಿಟ್ಟು ಫಾಫ್ಡಾ–ಜಿಲೇಬಿಗೆ ಬೀದಿಗಿಳಿಯಿರಿ. ಕಡಲೆಹಿಟ್ಟನ್ನು ಅಂಗೈಯ ಬುಡದಿಂದ ಮಣೆಯ ಮೇಲೆ ಒಂದೇ ಎಳೆತಕ್ಕೆ ಉದ್ದ ಪಟ್ಟಿಯಾಗಿ ಒತ್ತಿ, ಚಾಕುವಿನಿಂದ ಎಬ್ಬಿಸಿ ಎಣ್ಣೆಗೆ ಬಿಡುವ ಆ ಕೈಚಳಕವೇ ಅರ್ಧ ಹೊಟ್ಟೆ ತುಂಬಿಸುತ್ತದೆ. ಜೊತೆಗೆ ತುರಿದ ಹಸಿ ಪರಂಗಿಕಾಯಿಯ ಸಂಭಾರೊ, ಕಡಲೆಹಿಟ್ಟಿನ ತೆಳುವಾದ ಹಳದಿ ಚಟ್ನಿ, ಎಣ್ಣೆಯಲ್ಲಿ ಬಾಡಿಸಿದ ಹಸಿಮೆಣಸಿನಕಾಯಿ, ಬಿಸಿ ಜಿಲೇಬಿ. ಖಾರದೊಂದಿಗೆ ಸಿಹಿಯನ್ನು ಬೆಳಗಾಗೆದ್ದು ತಿನ್ನುವುದು ಹೇಗೆಂದು ಹಿಂಜರಿಯಬೇಡಿ. ಒಂದರ ಉಪ್ಪು ಇನ್ನೊಂದರ ಸಿಹಿಯನ್ನು ತಡೆಯುವುದರಿಂದಲೇ ಎರಡನ್ನೂ ಹೆಚ್ಚು ತಿನ್ನಲು ಸಾಧ್ಯವಾಗುತ್ತದೆ. ದಸರೆಯ ದಿನವಂತೂ ಊರಿಗೆ ಊರೇ ಇದಕ್ಕಾಗಿ ಸಾಲಿನಲ್ಲಿ ನಿಂತಿರುತ್ತದೆ. ಯಾವ ಅಂಗಡಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬಾಣಲೆ ಬೀದಿಗೆ ಕಾಣುವಂತಿರಬೇಕು, ಕರಿದದ್ದು ತಟ್ಟೆಯಲ್ಲಿ ರಾಶಿ ಬೀಳುವ ಮೊದಲೇ ಖಾಲಿಯಾಗುತ್ತಿರಬೇಕು.

ಚಹಾದ ವಿಷಯದಲ್ಲಿ ಮಾತ್ರ ಒಂದು ಅಂಗಡಿಯನ್ನು ಹೆಸರಿಸಿಯೇ ಹೇಳಬೇಕು. ಲಾಲ್ ದರ್ವಾಜಾದ ಬಳಿಯ ಲಕ್ಕಿ ಉಪಾಹಾರ ಗೃಹದಲ್ಲಿ ಮೇಜುಗಳ ನಡುವೆ ಹಸಿರು ಬಣ್ಣದ ಹಳೆಯ ಗೋರಿಗಳಿವೆ. ಸುತ್ತ ಕಬ್ಬಿಣದ ಸರಳುಗಳನ್ನು ಹಾಕಿ ಅವುಗಳನ್ನು ಹಾಗೆಯೇ ಉಳಿಸಿಕೊಂಡು ವ್ಯಾಪಾರ ನಡೆದಿದೆ. ಕಲಾವಿದ ಎಂ. ಎಫ್. ಹುಸೇನ್ ಇಲ್ಲಿಗೆ ಬರುತ್ತಿದ್ದರು, ಅವರು ಕೊಟ್ಟ ಚಿತ್ರವೊಂದು ಗೋಡೆಯ ಮೇಲಿದೆ. ಬನ್ ಮಸ್ಕಾ ಮತ್ತು ಗಟ್ಟಿ ಹಾಲಿನ ಚಹಾ ಸಾಕು. ಉಳಿದದ್ದಕ್ಕೆ ಹೊಟ್ಟೆಯಲ್ಲಿ ಜಾಗ ಉಳಿಸಿಕೊಳ್ಳುವುದು ವಿವೇಕ.

ಅಲ್ಲಿಂದ ಕೂಗಳತೆಯಲ್ಲಿ ಸಿದಿ ಸಯ್ಯದ್ ಮಸೀದಿ ಇದೆ. ಅಬಿಸೀನಿಯ (ಇಂದಿನ ಇಥಿಯೋಪಿಯ) ಮೂಲದ ಸರದಾರನೊಬ್ಬ 1572–73ರಲ್ಲಿ, ಅಕ್ಬರನು ಗುಜರಾತನ್ನು ಗೆದ್ದುಕೊಂಡ ಹೊತ್ತಿನಲ್ಲೇ, ಕಟ್ಟಿಸಿದ ಚಿಕ್ಕ ಮಸೀದಿ ಇದು. ಬಳುಕುವ ಕೊಂಬೆಗಳ ಮರವೊಂದು ಕಲ್ಲಿನಲ್ಲಿ ಹೆಣೆದುಕೊಂಡಿರುವ ಇದರ ಜಾಲಂಧ್ರವನ್ನು ನೀವು ಬೇರೆಡೆ ಕಂಡಿರುತ್ತೀರಿ, ಏಕೆಂದರೆ ಅಹಮದಾಬಾದಿನ ಐಐಎಂ ಸಂಸ್ಥೆಯ ಲಾಂಛನ ಅದರಿಂದಲೇ ಬಂದದ್ದು. ಬ್ರಿಟಿಷರ ಕಾಲದಲ್ಲಿ ಇದೇ ಕಟ್ಟಡ ಸರ್ಕಾರಿ ಕಚೇರಿಯಾಗಿತ್ತು. ಪ್ರಸಿದ್ಧ ಜಾಲಂಧ್ರಗಳು ಪಶ್ಚಿಮದ ಗೋಡೆಯಲ್ಲಿರುವುದರಿಂದ ಬೆಳಿಗ್ಗೆ ಒಳಗಿನಿಂದ ನೋಡಿದರೆ ಅವು ಸಪ್ಪೆಯಾಗಿ ಕಾಣುತ್ತವೆ. ಮಧ್ಯಾಹ್ನ ಮೂರು ಗಂಟೆಯ ನಂತರ ಬಿಸಿಲು ಹಿಂದಿನಿಂದ ಬಿದ್ದಾಗ ಕೆತ್ತನೆಯ ಒಂದೊಂದು ಎಲೆಯೂ ಬಿಡಿಸಿಕೊಳ್ಳುತ್ತದೆ. ಒಳಹೋಗಲು ಆಗದಿದ್ದರೆ ಹಿಂಬದಿಯ ರಸ್ತೆಯಿಂದಲೂ ಇವು ಕಾಣುತ್ತವೆ.

ಮಧ್ಯಾಹ್ನದ ಊಟಕ್ಕೆ ಒಮ್ಮೆಯಾದರೂ ಗುಜರಾತಿ ಥಾಲಿಗೆ ಕುಳಿತುಕೊಳ್ಳಬೇಕು, ಮತ್ತು ಅದಾದ ಮೇಲೆ ಎರಡು ಗಂಟೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬಾರದು. ಎರಡು ಮೂರು ಬಗೆಯ ಶಾಕ ಎಂಬ ತರಕಾರಿ ಪಲ್ಯ, ಕಾಳಿನ ಪಲ್ಯ, ಖಾಂಡ್ವಿಯಂಥ ಫರ್ಸಾಣ ಎಂಬ ಉಪ್ಪು–ಖಾರದ ತಿನಿಸು, ಬೆಲ್ಲ ಬೆರೆತ ಸಿಹಿ–ಹುಳಿಯ ದಾಲ್, ಮಜ್ಜಿಗೆಹುಳಿಯಂಥ ಕಡಿ, ತುಪ್ಪ ಸವರಿದ ತೆಳು ರೋಟ್ಲಿ, ಪೂರಿ, ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ, ಸಿಹಿ ಎಲ್ಲವೂ ಏಕಕಾಲಕ್ಕೆ ತಟ್ಟೆಗೆ ಬಂದು ಬೀಳುತ್ತವೆ. ನಮ್ಮ ಬಾಳೆಲೆಯ ಊಟದಲ್ಲಿ ಅನ್ನ ಬೇಗ ಬಂದು ಸಾರು–ಹುಳಿಗಳ ಸರದಿ ನಡೆಯುತ್ತದೆ. ಇಲ್ಲಿ ರೋಟ್ಲಿಯ ಅಧ್ಯಾಯ ಮುಗಿದ ಮೇಲಷ್ಟೇ ಅನ್ನ ಅಥವಾ ಖಿಚಡಿಯ ಮಾತು. ಇದು ಗೊತ್ತಿಲ್ಲದ ಕನ್ನಡಿಗರು ದಾಲನ್ನು ಅನ್ನಕ್ಕೆಂದು ಉಳಿಸಿಟ್ಟು ತಣ್ಣಗಾಗಿಸಿಕೊಳ್ಳುವುದನ್ನು ನಾನು ನೋಡಿದ್ದೇನೆ. ಬಡಿಸುವವರು ಬೇಡವೆಂದರೂ ನಿಲ್ಲುವುದಿಲ್ಲ, ಆದುದರಿಂದ ಕೈಯನ್ನು ತಟ್ಟೆಯ ಮೇಲೆ ಅಡ್ಡ ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಕೊಳ್ಳಿ. ಪ್ರತಿಯೊಂದೂ ಸಿಹಿ ಎಂಬ ನಮ್ಮವರ ದೂರು ಅರ್ಧ ಸತ್ಯ. ಖಾರದ ಬೆಳ್ಳುಳ್ಳಿ ಚಟ್ನಿಯನ್ನು ಕೇಳಿದರೆ ಸಾಮಾನ್ಯವಾಗಿ ತಂದುಕೊಡುತ್ತಾರೆ. ಚಳಿಗಾಲದಲ್ಲಿ ಹೋದವರು ಊಂಧಿಯುವನ್ನು ತಪ್ಪಿಸಬಾರದು. ಗೆಡ್ಡೆ–ಗೆಣಸಿನ ಬಗೆಗಳು, ಅವರೆ, ಬದನೆ ಮತ್ತು ಮುಟಿಯಾ ಎಂಬ ಮೆಂತ್ಯದ ಉಂಡೆ ಸೇರಿದ ಈ ಪಲ್ಯಕ್ಕೆ ಬೇಕಾದ ಎಳೆಯ ಕಾಯಿಗಳು ಬಿಸಿಲುಗಾಲದಲ್ಲಿ ಸಿಗುವುದೇ ಇಲ್ಲ.

ಅಡಾಲಜ್‌ನ ಮೆಟ್ಟಿಲುಬಾವಿಗೆ ಬೇರೊಂದು ದಿನವನ್ನು ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಅದು ನಗರದಿಂದ ಸುಮಾರು 18 ಕಿಲೋಮೀಟರ್ ಉತ್ತರಕ್ಕಿದೆ ಮತ್ತು ಅಲ್ಲಿಗೆ ಸೂರ್ಯ ನೆತ್ತಿಗೇರುವ ಹೊತ್ತಿಗೆ ಸರಿಯಾಗಿ ಹೋಗಬೇಕು. 1499ರ ಈ ಬಾವಿ ಐದು ಅಂತಸ್ತುಗಳಷ್ಟು ಆಳಕ್ಕೆ ಇಳಿಯುತ್ತದೆ. ಮೂರು ದಿಕ್ಕಿನಿಂದ ಬರುವ ಮೆಟ್ಟಿಲುಗಳು ಮೊದಲ ಅಂತಸ್ತಿನಲ್ಲಿ ಕೂಡಿಕೊಳ್ಳುತ್ತವೆ, ತುದಿಯಲ್ಲಿ ಎಂಟು ಮೂಲೆಯ ಬಾವಿ ಇದೆ. ಬಳ್ಳಿ, ಹೂವು, ಆನೆ, ಮೊಸರು ಕಡೆಯುವ ಹೆಂಗಸು ಎಲ್ಲ ಒಂದೇ ಗೋಡೆಯ ಮೇಲೆ. ಬೆಳಕು ಓರೆಯಾಗಿದ್ದಾಗ ಮೇಲಿನ ಕಂಬಗಳ ನೆರಳೇ ಕೆಳಗಿನದನ್ನು ನುಂಗುತ್ತದೆ. ನಡುಹಗಲಿನಲ್ಲಿ ಮಾತ್ರ ಬಿಸಿಲು ತೆರಪುಗಳ ಮೂಲಕ ಒಳಗಿನವರೆಗೆ ಇಳಿಯುತ್ತದೆ, ಅದೇ ಹೊತ್ತಿನಲ್ಲಿ ಮೇಲಿನ ಧಗೆಗೂ ಕೆಳಗಿನ ತಂಪಿಗೂ ಇರುವ ಅಂತರ ಮೈಗೆ ಚೆನ್ನಾಗಿ ತಿಳಿಯುತ್ತದೆ. ರಾಣಿ ರೂಢಾಬಾಯಿಯ ಗಂಡನಾದ ವಾಘೇಲಾ ಅರಸನನ್ನು ಕೊಂದ ಸುಲ್ತಾನ್ ಮಹಮೂದ್ ಬೇಗಡನು ಆಕೆಯನ್ನು ವರಿಸಲು ಬಯಸಿದನೆಂದೂ, ಮೊದಲು ಬಾವಿ ಮುಗಿಯಲೆಂದು ಷರತ್ತು ಹಾಕಿದ ಆಕೆ ಮುಗಿದ ದಿನ ಅದಕ್ಕೇ ಹಾರಿದಳೆಂದೂ ಅಲ್ಲಿನವರು ಕಥೆ ಹೇಳುತ್ತಾರೆ. ಗೋಡೆಯಲ್ಲಿರುವ ಸಂಸ್ಕೃತ ಶಾಸನವು ಕಟ್ಟಿಸಿದವಳು ರಾಣಿ ಎಂಬುದನ್ನು ಹೇಳುತ್ತದೆ, ಉಳಿದದ್ದು ಜನರ ನಾಲಿಗೆಯ ಮೇಲೆ ಬೆಳೆದದ್ದು. ಅಷ್ಟು ದೂರ ಹೋಗಲಾಗದವರಿಗೆ ಊರಿನೊಳಗೇ ಅಸಾರ್ವಾದಲ್ಲಿ ದಾದಾ ಹರೀರ್ ಬಾವಿ ಇದೆ. ಕೆತ್ತನೆ ಇಲ್ಲಿ ಮಿತವಾದದ್ದು, ಜನಸಂದಣಿಯೂ ಮಿತ.

ಇಳಿಹೊತ್ತಿಗೆ ಸಾಬರಮತಿ ಆಶ್ರಮ. 1917ರಿಂದ 1930ರವರೆಗೆ ಗಾಂಧೀಜಿ ಇಲ್ಲಿದ್ದರು. 1930ರ ಮಾರ್ಚ್ 12ರಂದು ದಂಡಿಯ ಕಡೆಗೆ ಹೊರಟದ್ದೂ ಇಲ್ಲಿಂದಲೇ. ಗಾಂಧೀಜಿ ವಾಸಿಸುತ್ತಿದ್ದ ಮನೆ ಹೃದಯ ಕುಂಜದ ಜಗುಲಿ ಮತ್ತು ಚರಕವನ್ನು ಎಲ್ಲರೂ ನೋಡುತ್ತಾರೆ. ಪಕ್ಕದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ವಿನ್ಯಾಸಗೊಳಿಸಿ 1963ರಲ್ಲಿ ತೆರೆದ ಸಂಗ್ರಹಾಲಯವನ್ನು ಬಹುತೇಕರು ಫಲಕಗಳನ್ನು ಓದುತ್ತಲೇ ದಾಟಿಬಿಡುತ್ತಾರೆ, ಇದು ನನಗೆ ಬೇಸರದ ಸಂಗತಿ. ಹೆಂಚಿನ ಮಾಡಿನ ಚಿಕ್ಕ ಚಿಕ್ಕ ಚೌಕಗಳನ್ನು ತೆರೆದ ಅಂಗಳಗಳ ಸುತ್ತ ಜೋಡಿಸಿ, ಕಿಟಕಿಗೆ ಗಾಜನ್ನೇ ಬಳಸದೆ ಮರದ ಪಟ್ಟಿಗಳಿಂದ ಗಾಳಿ–ಬೆಳಕನ್ನು ಹದಗೊಳಿಸಿದ ಆ ಕಟ್ಟಡವನ್ನೇ ಪ್ರದರ್ಶನದ ವಸ್ತುವಿನಂತೆ ನೋಡಬೇಕು. ಆಶ್ರಮದ ಪುನರಭಿವೃದ್ಧಿ ಕಾಮಗಾರಿಗೆ 2024ರಲ್ಲಿ ಚಾಲನೆ ದೊರೆತಿರುವುದರಿಂದ ಯಾವ ಭಾಗ ತೆರೆದಿದೆ ಎಂದು ವಿಚಾರಿಸಿಕೊಂಡು ಹೊರಡಿ. ವಾಸ್ತುಶಿಲ್ಪದಲ್ಲಿ ಆಸಕ್ತಿಯಿರುವವರು ಆಶ್ರಮ ರಸ್ತೆಯಲ್ಲೇ ಲ ಕಾರ್ಬೂಸಿಯೆ 1954ರಲ್ಲಿ ಗಿರಣಿ ಮಾಲೀಕರ ಸಂಘಕ್ಕಾಗಿ ಕಟ್ಟಿದ ಕಟ್ಟಡವನ್ನೂ, ವಾಸ್ತುಶಿಲ್ಪಿ ಬಿ. ವಿ. ದೋಶಿ ಮತ್ತು ಕಲಾವಿದ ಹುಸೇನ್ ಸೇರಿ ನೆಲದಡಿಯಲ್ಲಿ ರೂಪಿಸಿದ ಗುಫಾ ಎಂಬ ಕಲಾ ಗ್ಯಾಲರಿಯನ್ನೂ ಸೇರಿಸಿಕೊಳ್ಳಬಹುದು. ಗುಫಾ ತೆರೆಯುವುದೇ ಸಂಜೆ ನಾಲ್ಕರ ನಂತರ.

ರಾತ್ರಿ ಒಂಬತ್ತರ ಮೇಲೆ ಮಾಣೆಕ್ ಚೌಕ್. ಬೆಳಿಗ್ಗೆ ಹಸುಗಳಿಗೆ ಹುಲ್ಲು ಕೊಳ್ಳುವವರು, ತರಕಾರಿ ಮಾರುವವರು. ಹಗಲು ಚಿನ್ನ–ಬೆಳ್ಳಿಯ ವರ್ತಕರು. ಅವರು ಅಂಗಡಿ ಮುಚ್ಚಿದೊಡನೆ ಅದೇ ನೆಲದ ಮೇಲೆ ಮೇಜು, ಕುರ್ಚಿ, ಒಲೆಗಳು ಹರಡಿಕೊಂಡು ನಡುರಾತ್ರಿ ಕಳೆಯುವವರೆಗೂ ಊಟ ನಡೆಯುತ್ತದೆ. ಬೆಣ್ಣೆಯಲ್ಲಿ ತೇಲುವ ಪಾವ್‌ಭಾಜಿ ಮತ್ತು ಕುಲ್ಫಿಯ ಬಗ್ಗೆ ತಕರಾರಿಲ್ಲ. ಚಾಕೊಲೇಟ್, ಅನಾನಸ್ ಮತ್ತು ಚೀಸ್ ತುರುಕಿದ ಸ್ಯಾಂಡ್‌ವಿಚ್ ಒಮ್ಮೆ ಕುತೂಹಲಕ್ಕೆ ಸಾಕು. ಇನ್ನು ಅಲ್ಲಿನ ಪ್ರಸಿದ್ಧ ಗ್ವಾಲಿಯರ್ ದೋಸೆಯನ್ನು, ತವೆಯ ಮೇಲೆಯೇ ಬೆಣ್ಣೆ, ತರಕಾರಿ, ಚೀಸ್‌ಗಳನ್ನು ಮಸೆದು ಕಲಸುವುದನ್ನು, ಕನ್ನಡಿಗರು ನೋಡಿ ಸಂಕಟಪಡುವ ಬದಲು ದೋಸೆಯೆಂಬುದನ್ನು ಮರೆತು ತಿನ್ನುವುದು ಲೇಸು. ಹಾಗೆ ತಿಂದರೆ ರುಚಿಯಾಗಿಯೇ ಇರುತ್ತದೆ. ಇಲ್ಲಿನ ಊಟ ಬಹುಪಾಲು ಸಸ್ಯಾಹಾರ. ಮಾಂಸಾಹಾರಿಗಳು ತೀನ್ ದರ್ವಾಜಾದ ಪಕ್ಕದ ಭಠಿಯಾರ್ ಗಲ್ಲಿಗೆ ಹೋಗಬೇಕು. ಅಲ್ಲಿನ ಕಬಾಬು ಮತ್ತು ಇದ್ದಿಲಿನ ಹೊಗೆಗೆ ಸುಲ್ತಾನರ ಊರು ಎಂಬ ಮಾತು ನೆನಪಾಗುತ್ತದೆ, ರಂಜಾನಿನ ರಾತ್ರಿಗಳಲ್ಲಿ ಅದರ ಕಳೆಯೇ ಬೇರೆ. ಗುಜರಾತಿನಲ್ಲಿ ಪಾನನಿಷೇಧವಿರುವುದರಿಂದ ಊಟದ ಜೊತೆಗೆ ಬೇರೆ ನಿರೀಕ್ಷೆ ಇಟ್ಟುಕೊಳ್ಳುವಂತಿಲ್ಲ.

ಓಡಾಟಕ್ಕೆ ಮೆಟ್ರೊ ಅನುಕೂಲ. ಪೂರ್ವ–ಪಶ್ಚಿಮ ಮಾರ್ಗವು ಕಾಲುಪುರದ ರೈಲು ನಿಲ್ದಾಣದ ಬಳಿ ನೆಲದಡಿಯಲ್ಲಿ ಹಾದು ನದಿ ದಾಟುತ್ತದೆ. ರಾತ್ರಿ ಮಾಣೆಕ್ ಚೌಕಿನಿಂದ ಮರಳುವಾಗ ಮಾತ್ರ ಆಟೊವನ್ನೇ ನಂಬಬೇಕು. ಹೋಗಲು ನವೆಂಬರಿನಿಂದ ಫೆಬ್ರವರಿ ಸೂಕ್ತ, ಮೇ ತಿಂಗಳಿನಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುತ್ತದೆ. ಜನವರಿ 14ರ ಉತ್ತರಾಯಣದ ಗಾಳಿಪಟಗಳಿಗಾಗಿ ಹೋಗುವವರು ಪೋಳದ ಮನೆಗಳ ತಾರಸಿಯನ್ನು ಬಾಡಿಗೆಗೆ ಕೊಡುವವರನ್ನು ಬಹಳ ಮುಂಚೆಯೇ ಸಂಪರ್ಕಿಸಬೇಕಾಗುತ್ತದೆ, ಮತ್ತು ಆ ದಿನ ಮೇಲೆ ಹೇಳಿದ ವೇಳಾಪಟ್ಟಿಯನ್ನೆಲ್ಲ ಬದಿಗಿಡಬೇಕು, ಏಕೆಂದರೆ ಊರಿನವರೆಲ್ಲ ಬೆಳಗಿನಿಂದ ಕತ್ತಲಾಗುವವರೆಗೆ ಮಾಳಿಗೆಯ ಮೇಲಿರುತ್ತಾರೆ, ಊಂಧಿಯು ಮತ್ತು ಜಿಲೇಬಿ ಅಲ್ಲಿಗೇ ಹತ್ತಿ ಬರುತ್ತವೆ.